ರಜಸ್ಸೂತಕವಿಲ್ಲದ ಧರ್ಮ, ಅರಿವು ಬೇಡುವ ಆರೋಗ್ಯ: ವಿದ್ಯಾರ್ಥಿನಿಯರಿಗಾಗಿ ಋತುಚಕ್ರ ಹಾಗೂ ಪ್ರಜನನ ಆರೋಗ್ಯ ಶಿಕ್ಷಣ



ಮಕರ ಸಂಕ್ರಮಣದ ಹೊತ್ತಿಗೆ ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರ ಜಾತ್ರೆ ನೆರೆಯುತ್ತದೆ. ಅದರ ಹಿಂದೆ ಮುಂದೆ ಊರೂರಿನ ಜಾತ್ರೆಗಳು, ಮದುವೆಗಳು, ಪುರಾಣ ಮಂಗಲಗಳು ಬರುತ್ತವೆ. ಇಂಥ ದಿನಗಳು ಸಮೀಪಿಸಿದಾಗ ನಮ್ಮ ಮನೆಗಳ ಹೆಣ್ಣುಮಕ್ಕಳು ಔಷಧಿ ಅಂಗಡಿಯಿಂದ ಮುಟ್ಟು ಮುಂದೂಡುವ ಗುಳಿಗೆಗಳನ್ನು ತರಿಸಿಕೊಂಡು ನುಂಗುವುದು ಅಪರೂಪವಲ್ಲ. ವೈದ್ಯರ ಚೀಟಿ ಇರುವುದಿಲ್ಲ. ಅರೆತಲೆನೋವು ಇದೆಯೆ, ಯಕೃತ್ತಿನ ತೊಂದರೆ ಇದೆಯೆ ಎಂದು ವಿಚಾರಿಸುವವರೂ ಇರುವುದಿಲ್ಲ. ಗುಳಿಗೆ ನುಂಗುವ ಆ ಮಗಳ ಎದೆಯ ಮೇಲೆ ಇಷ್ಟಲಿಂಗವಿರುತ್ತದೆ. ಮುಟ್ಟಾದ ದಿನವೂ ಅದು ಅವಳ ಅಂಗವನ್ನು ಅಗಲಬೇಕಾಗಿಲ್ಲವೆಂಬುದು ಶರಣರ ನಿಲುವು. ಹಾಗಿದ್ದ ಮೇಲೆ ಅವಳು ಯಾವ ಮೈಲಿಗೆಗೆ ಅಂಜಿ ಆ ಗುಳಿಗೆಯನ್ನು ನುಂಗಿದಳು?

ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಧರ್ಮ ಕೊಡಬೇಕು, ಉಳಿದರ್ಧವನ್ನು ವೈದ್ಯಶಾಸ್ತ್ರ ಕೊಡಬೇಕು. ಆ ಎರಡನ್ನೂ ಈ ಲೇಖನದಲ್ಲಿ ಒಂದೆಡೆ ತರುತ್ತಿದ್ದೇವೆ. ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗಗಳಿಂದ ಪದವಿ, ಸ್ನಾತಕೋತ್ತರ ತರಗತಿಗಳಿಗೆ ಹೋಗುತ್ತಿರುವ ಹೆಣ್ಣುಮಕ್ಕಳಿಗಾಗಿ ಇದನ್ನು ಬರೆದಿದ್ದೇವೆ. ಅವರ ತಾಯಿತಂದೆಯರೂ ಅಣ್ಣತಮ್ಮಂದಿರೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ.

ಪಂಚಸೂತಕಗಳ ನಿರಾಕರಣೆ

ಲಿಂಗಾಯತ ಧರ್ಮವು ಐದು ಸೂತಕಗಳನ್ನು ಅಲ್ಲಗಳೆಯುತ್ತದೆ: ಜನನಸೂತಕ, ಮರಣಸೂತಕ, ರಜಸ್ಸೂತಕ, ಎಂಜಲುಸೂತಕ ಮತ್ತು ಜಾತಿಸೂತಕ. ಇವುಗಳಲ್ಲಿ ಜಾತಿಸೂತಕದ ಬಗ್ಗೆ ವೇದಿಕೆಗಳ ಮೇಲೆ ಸಾಕಷ್ಟು ಮಾತುಗಳಾಗುತ್ತವೆ. ರಜಸ್ಸೂತಕದ ಹೆಸರು ಬಂದಾಗ ಮಾತ್ರ ಮಾತು ತಗ್ಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಈ ವಿಷಯದಲ್ಲಿ ತಗ್ಗಿದ ದನಿಯಲ್ಲಿ ಮಾತನಾಡಿದವರಲ್ಲ. ಲಿಂಗವನ್ನು ಅಂಗದ ಮೇಲೆ ಧರಿಸಿದ ಹೆಣ್ಣಿಗೆ ತಿಂಗಳ ಮುಟ್ಟಿನಿಂದ ಅಶುದ್ಧಿ ಉಂಟಾಗುವುದೆಂದರೆ ಲಿಂಗಕ್ಕಿಂತ ಸೂತಕವೇ ದೊಡ್ಡದೆಂದು ಒಪ್ಪಿದಂತಾಗುತ್ತದೆ. ಆ ಮಾತನ್ನು ಅವರು ಒಪ್ಪಲಿಲ್ಲ. ಆದುದರಿಂದಲೇ ಸ್ತ್ರೀಯರಿಗೆ ದೀಕ್ಷೆ ದೊರೆಯಿತು, ಪೂಜೆಯ ಅಧಿಕಾರ ದೊರೆಯಿತು, ಅನುಭಾವದ ಗೋಷ್ಠಿಯಲ್ಲಿ ಸ್ಥಾನ ದೊರೆಯಿತು. ಅಕ್ಕಮಹಾದೇವಿ, ಅಕ್ಕನಾಗಮ್ಮ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಗೊಗ್ಗವ್ವೆ ಮೊದಲಾಗಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ನಮಗೆ ದೊರೆತದ್ದು ಈ ನಿಲುವಿನ ಫಲ.

ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತನಗೂ ಬೇಡವೆಂದು ಬಾಲಕ ಬಸವಣ್ಣನವರು ಎದ್ದು ನಡೆದರೆಂಬ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಬಸವಣ್ಣನವರು ಹುಟ್ಟಿದ ಜಿಲ್ಲೆ ಇದು. ಆದರೂ ಇದೇ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮುಟ್ಟಾದ ಮಗಳು 'ಹೊರಗಾಗಿದ್ದಾಳೆ', 'ಕಡಿಗಾಗಿದ್ದಾಳೆ' ಎಂಬ ಮಾತು ಕೇಳಿಬರುತ್ತದೆ. ಅವಳು ದೇವರ ಜಗಲಿಯ ಹತ್ತಿರ ಸುಳಿಯುವಂತಿಲ್ಲ, ಉಪ್ಪಿನಕಾಯಿಯ ಭರಣಿ ಮುಟ್ಟುವಂತಿಲ್ಲ, ಪ್ರತ್ಯೇಕ ಹಾಸಿಗೆಯಲ್ಲಿ ಮಲಗಬೇಕು. ಶರಣರು ಮನೆಯಿಂದ ಹೊರಗೆ ಹಾಕಿದ ಸೂತಕವನ್ನು ನಾವು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದೇವೆ.

ನಮ್ಮ ಆಡುಮಾತಿನಲ್ಲಿ ಇನ್ನೊಂದು ಸೊಗಸಾದ ಮಾತೂ ಉಂಟು. ಹುಡುಗಿ ಮೈನೆರೆದಾಗ 'ದೊಡ್ಡಾಕಿ ಆದಳು', 'ಶಾಣ್ಯಾಕಿ ಆದಳು' ಎನ್ನುತ್ತಾರೆ. ಶಾಣ್ಯಾಕಿ ಎಂದರೆ ಜಾಣೆ, ತಿಳಿದವಳು. ಆರತಿ ಮಾಡಿ, ಉಡಿ ತುಂಬಿ, ಸಿಹಿ ಉಣಿಸಿ ಶಾಣ್ಯಾಕಿ ಎಂದು ಕರೆದ ಮಗಳಿಗೆ ಅವಳ ದೇಹದೊಳಗೆ ಏನು ನಡೆಯುತ್ತಿದೆ ಎಂಬುದನ್ನು ಮಾತ್ರ ನಾವು ತಿಳಿಸಿ ಹೇಳುವುದಿಲ್ಲ. ಹೆಸರಿಗೆ ತಕ್ಕ ಅರಿವನ್ನು ಕೊಡುವುದು ಬಾಕಿ ಉಳಿದಿದೆ.

ವಿಜಯಪುರದ ವಿದ್ಯಾಪರಂಪರೆ ಮತ್ತು ಒಂದು ಅಂತರ

ಅರಿವನ್ನು ಹಂಚುವ ಕಾರ್ಯದಲ್ಲಿ ಈ ಊರು ಹಿಂದೆ ಬಿದ್ದುದಲ್ಲ. ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು 1910ರಲ್ಲಿ ಇಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಶಾಲೆ ಮತ್ತು ವಚನ, ಎರಡೂ ಅವರಿಗೆ ಒಂದೇ ಕಾಯಕದ ಎರಡು ಕೈಗಳಾಗಿದ್ದವು. ಅದೇ ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ 1986ರಲ್ಲಿ ಆರಂಭವಾಯಿತು. ಅದರ ಆವರಣ ಬಂಗಾರಮ್ಮ ಸಜ್ಜನ ಎಂಬ ತಾಯಿಯ ಹೆಸರನ್ನು ಹೊತ್ತಿದೆ. 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಈ ಊರಿಗೇ ಬಂದಿತು. ಮುಂದೆ ಅದಕ್ಕೆ ಅಕ್ಕಮಹಾದೇವಿಯವರ ಹೆಸರಿಡಲಾಯಿತು. ನಗರದಿಂದ ತಿಕೋಟಾ ಕಡೆಗೆ ಹೋಗುವ ದಾರಿಯಲ್ಲಿ, ತೊರವಿಯ ಬಳಿ ಅದರ ಆವರಣವಿದೆ. ದ್ರಾಕ್ಷಿ ಬೆಳೆಯುವ ತಿಕೋಟಾ ಸೀಮೆಯಿಂದಲೂ ಬಬಲೇಶ್ವರದ ಹಳ್ಳಿಗಳಿಂದಲೂ ಬೆಳಗಿನ ಬಸ್ಸುಗಳಲ್ಲಿ ನಗರದ ಕಾಲೇಜುಗಳಿಗೆ ಬರುವ ಹೆಣ್ಣುಮಕ್ಕಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು.

ಆದರೆ ಆರೋಗ್ಯದ ಅರಿವಿನಲ್ಲಿ ಇವರ ವಯಸ್ಸಿಗೇ ಒಂದು ಕಂದಕವಿದೆ. ಋತುಚಕ್ರದ ಪಾಠ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುತ್ತದೆ. ಕಲೆ ಅಥವಾ ವಾಣಿಜ್ಯ ಆರಿಸಿಕೊಂಡವಳಿಗೆ ಆ ವಿಷಯ ಅಲ್ಲಿಗೇ ಮುಗಿಯುತ್ತದೆ. ರಾಜ್ಯದ 'ಶುಚಿ' ಯೋಜನೆಯ ಉಚಿತ ಪ್ಯಾಡುಗಳು 10ರಿಂದ 18 ವರ್ಷದ ಬಾಲಕಿಯರಿಗಾಗಿ ರೂಪುಗೊಂಡವು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ ಸಲಹೆ ನೀಡುತ್ತದೆ. ಆಮೇಲೆ ಆರೋಗ್ಯ ಇಲಾಖೆ ಅದೇ ಹೆಣ್ಣುಮಗಳನ್ನು ಹೆಸರು ಹಿಡಿದು ವಿಚಾರಿಸುವುದು ಅವಳು ಗರ್ಭಿಣಿಯಾಗಿ ತಾಯಿ ಕಾರ್ಡ್ ಮಾಡಿಸಿದಾಗಲೇ. ಕಿಶೋರಿಯೂ ಅಲ್ಲದ, ತಾಯಿಯೂ ಆಗದ ಆ ನಡುವಿನ ವರ್ಷಗಳನ್ನು ಅವಳು ಕಳೆಯುವುದು ವಿಶ್ವವಿದ್ಯಾಲಯದಲ್ಲಿ, ಕಾಲೇಜಿನಲ್ಲಿ, ವಸತಿನಿಲಯದಲ್ಲಿ. ಆದ್ದರಿಂದ ಈ ಶಿಕ್ಷಣದ ಹೊಣೆಯೂ ಅಲ್ಲಿಯೇ ಇದೆ.

ಋತುಚಕ್ರದ ತಿಳಿವಳಿಕೆ

ಮುಟ್ಟಿನ ರಕ್ತ ಕೆಟ್ಟ ರಕ್ತವಲ್ಲ, ದೇಹದ ವಿಷವೂ ಅಲ್ಲ. ಗರ್ಭಕೋಶದ ಒಳಗೋಡೆ ಪ್ರತಿ ತಿಂಗಳೂ ಗರ್ಭಕ್ಕೆ ಹಾಸಿಗೆಯಂತೆ ಸಿದ್ಧವಾಗುತ್ತದೆ. ಗರ್ಭ ನಿಲ್ಲದಿದ್ದಾಗ ಆ ಪದರು ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಇದನ್ನು ನಡೆಸುವವು ಮೆದುಳಿನ ಪಿಟ್ಯುಟರಿ ಗ್ರಂಥಿ ಮತ್ತು ಅಂಡಾಶಯಗಳು ಸ್ರವಿಸುವ ಹಾರ್ಮೋನುಗಳು.

ಚಕ್ರವನ್ನು ಎಣಿಸುವ ಕ್ರಮ ಹೀಗೆ: ಮುಟ್ಟು ಆರಂಭವಾದ ದಿನವೇ ಮೊದಲ ದಿನ, ಮುಂದಿನ ಮುಟ್ಟಿನ ಹಿಂದಿನ ದಿನ ಕೊನೆಯ ದಿನ. ವಯಸ್ಕ ಸ್ತ್ರೀಯರಲ್ಲಿ ಈ ಅವಧಿ 21ರಿಂದ 35 ದಿನಗಳವರೆಗೆ ಇರಬಹುದು. ಸರಿಯಾಗಿ 28ನೆಯ ದಿನಕ್ಕೆ ಬರಲಿಲ್ಲವೆಂದು ಗಾಬರಿಯಾಗಬೇಕಾದುದಿಲ್ಲ. ಸ್ರಾವ ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತದೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್. 80 ಮಿಲಿಲೀಟರ್ ಮೀರಿದರೆ ಅದನ್ನು ಅತಿಸ್ರಾವವೆಂದು ಪರಿಗಣಿಸುತ್ತಾರೆ. ಮನೆಯಲ್ಲಿ ಅಳೆಯುವುದು ಸಾಧ್ಯವಿಲ್ಲವಾದ್ದರಿಂದ ಗುರುತು ಹೀಗೆ ಇಟ್ಟುಕೊಳ್ಳಬಹುದು: ಒಂದೆರಡು ತಾಸಿಗೊಮ್ಮೆ ಪ್ಯಾಡ್ ಪೂರ್ತಿ ತೊಯ್ಯುತ್ತಿದ್ದರೆ, ದೊಡ್ಡ ಗಡ್ಡೆಗಳು ಹೋಗುತ್ತಿದ್ದರೆ, 7 ದಿನ ಮೀರಿದರೆ ವೈದ್ಯರನ್ನು ಕಾಣಬೇಕು.

ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಆ ದಿನಗಳಲ್ಲಿ ಮೊಟ್ಟೆಯ ಲೋಳೆಯಂಥ ತಿಳಿಯಾದ ಸ್ರಾವ ಕಾಣುವುದು ಸಹಜ. ಎಲ್ಲ ಬಿಳಿಸ್ರಾವವೂ ರೋಗವಲ್ಲ. ತುರಿಕೆ, ದುರ್ವಾಸನೆ, ಮೊಸರಿನ ಗಟ್ಟಿಯಂಥ ಅಥವಾ ಹಸಿರು ಹಳದಿ ಬಣ್ಣದ ಸ್ರಾವ ಕಂಡರೆ ಅದು ಸೋಂಕಿನ ಲಕ್ಷಣ. ಅದಕ್ಕೆ ಔಷಧವಿದೆ, ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡಬಾರದು.

ವಿದ್ಯಾರ್ಥಿನಿಯರು ಪ್ರತಿ ತಿಂಗಳ ಮುಟ್ಟಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಅಥವಾ ಮೊಬೈಲಿನಲ್ಲಿ ಗುರುತು ಹಾಕಿಟ್ಟುಕೊಳ್ಳುವ ರೂಢಿ ಮಾಡಿಕೊಳ್ಳಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು.

ಮುಂದೂಡುವ ಗುಳಿಗೆಯ ವಿಚಾರ

ಈ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ನೊರೆಥಿಸ್ಟರಾನ್ ಎಂಬ ಹಾರ್ಮೋನು. ನುಂಗುವವರೆಗೆ ಗರ್ಭಕೋಶದ ಪದರು ಕಳಚದಂತೆ ಅದು ತಡೆಯುತ್ತದೆ. ಬಿಟ್ಟ ಎರಡು ಮೂರು ದಿನಗಳಲ್ಲಿ ಮುಟ್ಟು ಬರುತ್ತದೆ. ವೈದ್ಯರು ಪರೀಕ್ಷಿಸಿ ಕೊಟ್ಟಾಗ ಇದೊಂದು ಉಪಯುಕ್ತ ಔಷಧವೇ. ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಹಿಂದೆ ಬಂದಿದ್ದವರಿಗೆ, ಯಕೃತ್ತಿನ ಕಾಯಿಲೆಯವರಿಗೆ ಇದು ಅಪಾಯಕಾರಿ. ತೀವ್ರ ಅರೆತಲೆನೋವು ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ನಡುನಡುವೆ ಸ್ರಾವ, ವಾಕರಿಕೆ, ಎದೆನೋವು, ತಲೆನೋವು ಇತರರಲ್ಲೂ ಕಾಣಬಹುದು. ಪ್ರತಿ ಹಬ್ಬಕ್ಕೊಮ್ಮೆ, ಪ್ರತಿ ಮದುವೆಗೊಮ್ಮೆ ಅಂಗಡಿಯಿಂದ ತಂದು ನುಂಗುವ ವಸ್ತು ಇದಲ್ಲ.

ಪರೀಕ್ಷೆಗಾಗಿಯೋ ದೂರ ಪ್ರಯಾಣಕ್ಕಾಗಿಯೋ ಒಬ್ಬಳಿಗೆ ಮುಂದೂಡುವ ಅಗತ್ಯ ಬಿದ್ದರೆ ಅದು ಅವಳು ಮತ್ತು ವೈದ್ಯರು ಕೂಡಿ ನಿರ್ಧರಿಸುವ ವಿಷಯ. ಪೂಜೆಗಾಗಿ, ಜಾತ್ರೆಗಾಗಿ, ಮಠಕ್ಕೆ ಬರುವುದಕ್ಕಾಗಿ ಇದನ್ನು ನುಂಗುವ ಅಗತ್ಯ ಲಿಂಗವಂತ ಹೆಣ್ಣುಮಕ್ಕಳಿಗೆ ಇಲ್ಲವೇ ಇಲ್ಲ. ಈ ಮಾತನ್ನು ನಾವು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಬಯಸುತ್ತೇವೆ.

ಶುಚಿತ್ವದ ಸಾಧನಗಳು

ಬಟ್ಟೆ, ಪ್ಯಾಡ್, ಮುಟ್ಟಿನ ಕಪ್: ಯಾವುದನ್ನು ಬಳಸಬೇಕೆಂಬುದು ಅವರವರ ಅನುಕೂಲ. ಯಾವುದನ್ನೇ ಬಳಸಿದರೂ ಕ್ರಮ ತಿಳಿದಿರಬೇಕು.

ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ವಿಜಯಪುರದಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಯಾರಾದರೂ ಕಂಡಾರೆಂದು ಸೀರೆಯ ಅಡಿಯಲ್ಲಿ, ಬಚ್ಚಲಿನ ಮೂಲೆಯಲ್ಲಿ ಬಟ್ಟೆ ಹರವುತ್ತಾರೆ. ಅರೆ ಒಣಗಿದ ಬಟ್ಟೆಯಲ್ಲಿ ಬೂಸ್ಟು ಬೆಳೆಯುತ್ತದೆ, ತುರಿಕೆ ಮತ್ತು ಸೋಂಕು ಬರುತ್ತವೆ. ಬಿಸಿಲಿಗೆ ಹಾಕುವ ಧೈರ್ಯವೇ ಇಲ್ಲಿ ಅರ್ಧ ಔಷಧ.

ಪ್ಯಾಡನ್ನು 4ರಿಂದ 6 ತಾಸಿಗೊಮ್ಮೆ ಬದಲಿಸಬೇಕು. ಬೆಳಿಗ್ಗೆ ಏಳಕ್ಕೆ ಹಳ್ಳಿಯಿಂದ ಬಸ್ಸು ಹತ್ತಿ ಸಂಜೆ ಮರಳುವ ವಿದ್ಯಾರ್ಥಿನಿ ಕಾಲೇಜಿನಲ್ಲಿ ಒಂದೆರಡು ಬಾರಿಯಾದರೂ ಬದಲಿಸಬೇಕಾಗುತ್ತದೆ. ನೀರು, ಒಳಗಿನಿಂದ ಚಿಲಕ, ಮುಚ್ಚಳವಿರುವ ಬುಟ್ಟಿ ಇಲ್ಲದ ಶೌಚಾಲಯ ಅವಳಿಗೆ ಇದ್ದೂ ಇಲ್ಲದಂತೆ. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ದಿನ ಕಳೆಯುವ ಹುಡುಗಿಯರಿದ್ದಾರೆ. ಅದರಿಂದ ಮೂತ್ರನಾಳದ ಸೋಂಕು ಬರುತ್ತದೆ. ಬೆಲೆಯ ಚಿಂತೆ ಇರುವವರು ಜನೌಷಧಿ ಕೇಂದ್ರಗಳಲ್ಲಿ ಒಂದು ರೂಪಾಯಿಗೊಂದರಂತೆ ದೊರೆಯುವ 'ಸುವಿಧಾ' ಪ್ಯಾಡುಗಳನ್ನು ಕೊಳ್ಳಬಹುದು. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸದವರಿಗೆ ಕೊಡಬೇಕು. ಶೌಚಗುಂಡಿಗೆ ಎಸೆಯುವುದೂ ಬಯಲಲ್ಲಿ ಸುಡುವುದೂ ಸಲ್ಲದು.

ಮುಟ್ಟಿನ ಕಪ್ ಮೆದು ಸಿಲಿಕೋನಿನ ಸಣ್ಣ ಬಟ್ಟಲು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಳಸಬಹುದು. ಪ್ರತಿ ಮುಟ್ಟಿನ ಮೊದಲು ಮತ್ತು ನಂತರ ಕುದಿಯುವ ನೀರಿನಲ್ಲಿ ಕುದಿಸಬೇಕು. ಬಳಸುವಾಗ 12 ತಾಸಿಗೂ ಹೆಚ್ಚು ಒಳಗೆ ಬಿಡಬಾರದು. ಅವಿವಾಹಿತೆಯರು ಬಳಸಬಾರದೆಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ.

ನೋವು ಮತ್ತು ಏರುಪೇರು

ಮುಟ್ಟಿನ ಮೊದಲ ಒಂದೆರಡು ದಿನ ಕಿಬ್ಬೊಟ್ಟೆ, ಸೊಂಟ ನೋಯುವುದು ಸಾಮಾನ್ಯ. ಬಿಸಿನೀರಿನ ಚೀಲದ ಶಾಖ, ಹಗುರ ನಡಿಗೆ, ವೈದ್ಯರು ಸೂಚಿಸಿದ ನೋವಿನ ಗುಳಿಗೆ ಸಾಕಾಗುತ್ತವೆ. ಆದರೆ ಪ್ರತಿ ತಿಂಗಳೂ ತರಗತಿ ಬಿಟ್ಟು ಮಲಗುವಷ್ಟು ನೋವಿದ್ದರೆ ಅದನ್ನು 'ಹೆಣ್ಣಾದ ಮೇಲೆ ಇದ್ದದ್ದೇ' ಎಂದು ತಳ್ಳಿಹಾಕಬಾರದು. ಗರ್ಭಕೋಶದ ಒಳಪದರಿನಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ತೊಂದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಜನನ ವಯಸ್ಸಿನ ಸುಮಾರು ಶೇ. 10ರಷ್ಟು ಸ್ತ್ರೀಯರಲ್ಲಿದೆ.

ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು, ಮುಖದ ಮೇಲೆ ಗಡಸು ಕೂದಲು, ತೀವ್ರ ಮೊಡವೆ, ತೂಕದ ಏರಿಕೆ ಒಟ್ಟಾಗಿ ಕಂಡರೆ ಅದು ಪಿ.ಸಿ.ಒ.ಎಸ್. ಇರಬಹುದು. ಇದು ಶೇ. 10ರಿಂದ 13ರಷ್ಟು ಸ್ತ್ರೀಯರಲ್ಲಿದೆ ಎಂದೂ ಅವರಲ್ಲಿ ಶೇ. 70ರವರೆಗೆ ತಮಗಿರುವುದನ್ನೇ ಅರಿಯರೆಂದೂ ಅದೇ ಸಂಸ್ಥೆ ಹೇಳುತ್ತದೆ. ನಡಿಗೆ, ವ್ಯಾಯಾಮ, ಮಿತ ಆಹಾರ, ಅಗತ್ಯವಿದ್ದರೆ ಔಷಧ: ಇವುಗಳಿಂದ ಇದನ್ನು ಹತೋಟಿಯಲ್ಲಿಡಬಹುದು. ಪಿ.ಸಿ.ಒ.ಎಸ್. ಇದ್ದವಳಿಗೆ ಮಕ್ಕಳಾಗುವುದಿಲ್ಲವೆಂಬ ಮಾತು ನಿಜವಲ್ಲ. ಆ ಮಾತಿಗೆ ಅಂಜಿ ಎಷ್ಟೋ ಮನೆಗಳು ಮದುವೆಯಾಗುವವರೆಗೆ ಮಗಳ ಕಾಯಿಲೆಯನ್ನು ಮುಚ್ಚಿಡುತ್ತವೆ. ಚಿಕಿತ್ಸೆಗೆ ಸಲ್ಲಬೇಕಾದ ವರ್ಷಗಳು ಹಾಗೆಯೇ ಕಳೆದುಹೋಗುತ್ತವೆ.

ರಕ್ತಹೀನತೆ ಮತ್ತು ನಮ್ಮ ಊಟ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಶೇ. 57ರಷ್ಟು ಸ್ತ್ರೀಯರಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 47.8. ಗರ್ಭಿಣಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಆಯಾಸ, ಏದುಸಿರು, ತಲೆಸುತ್ತು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು ಕಾಣಿಸಿಕೊಳ್ಳುತ್ತವೆ. ಇವನ್ನು ಸೋಮಾರಿತನವೆಂದು ಬೈಯುವ ಮೊದಲು ರಕ್ತ ಪರೀಕ್ಷಿಸಬೇಕು. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಪ್ರತಿ ವಿದ್ಯಾರ್ಥಿನಿಗೂ ಆಗಬೇಕು.

ನಮ್ಮ ಸೀಮೆಯ ಊಟದಲ್ಲಿಯೇ ಕಬ್ಬಿಣದ ಅಂಶವಿದೆ. ಸಜ್ಜೆಯ ರೊಟ್ಟಿ, ಮಡಕಿಕಾಳು, ಹೆಸರುಕಾಳು, ಎಳ್ಳು, ಗುರೆಳ್ಳಿನ ಹಿಂಡಿ, ರಾಜಗಿರಿ, ಮೆಂತ್ಯದ ಪಲ್ಯ, ತಿಕೋಟಾ ಭಾಗದ ಒಣದ್ರಾಕ್ಷಿ ಇವೆಲ್ಲ ನೆರವಾಗುತ್ತವೆ. ಕಾಳುಪಲ್ಯಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ಬೇಕು. ಇಂಡಿ ಸೀಮೆಯ ನಿಂಬೆಯ ಹೋಳೊಂದನ್ನು ಪಲ್ಯದ ಮೇಲೆ ಹಿಂಡಿಕೊಂಡರಾಯಿತು. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಕಬ್ಬಿಣ ಸೇರುವುದಿಲ್ಲ. ಒಂದು ತಾಸಿನ ಅಂತರವಿರಲಿ. ರಕ್ತಹೀನತೆ ಬಂದಾಗ ಊಟವೊಂದೇ ಸಾಲದು, ಗುಳಿಗೆಯೂ ಬೇಕು. ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ 10ರಿಂದ 19 ವಯಸ್ಸಿನವರಿಗೂ 20ರಿಂದ 49ರ ಸ್ತ್ರೀಯರಿಗೂ ವಾರಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಕೊಡುವ ವ್ಯವಸ್ಥೆಯಿದೆ. ಅದನ್ನು ನುಂಗಿದಾಗ ಮಲ ಕಪ್ಪಾಗುವುದು ಸಹಜ.

ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವುದು ತಾಯಂದಿರ ರೂಢಿ. ಹೆಣ್ಣುಮಕ್ಕಳೂ ಅದನ್ನೇ ಕಲಿಯುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಎಲ್ಲರಿಗೂ ಸಮನಾಗಿ ಬಡಿಸುವ ನಾವು ಮನೆಯ ಪಂಕ್ತಿಯಲ್ಲಿಯೂ ಹಾಗೆಯೇ ಬಡಿಸಬೇಕು.

ಮದುವೆಗೆ ಮುನ್ನ ತಿಳಿದಿರಬೇಕಾದುದು

ಪದವಿ ಮುಗಿಯುವ ಮೊದಲೇ ಅನೇಕರಿಗೆ ಮದುವೆ ನಿಶ್ಚಯವಾಗುತ್ತದೆ. ಆ ಹೊತ್ತಿಗೆ ಈ ಕೆಲವು ಸಂಗತಿಗಳು ಅವರಿಗೆ ತಿಳಿದಿರಬೇಕು.

ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವುದು ಅನ್ಯಾಯವೂ ಹೌದು, ಅಜ್ಞಾನವೂ ಹೌದು. ಮಕ್ಕಳಾಗದಿದ್ದಾಗ ಕಾರಣ ಗಂಡನಲ್ಲಿಯೂ ಇರಬಹುದು, ಇಬ್ಬರಿಗೂ ಪರೀಕ್ಷೆಯಾಗಬೇಕು. ಅಕ್ಕನ ಮಗಳು, ಸೋದರಮಾವ, ಅತ್ತೆಯ ಮಗ ಎಂಬ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಮಕ್ಕಳಿಗೆ ಅನುವಂಶಿಕ ಕಾಯಿಲೆ ಬರುವ ಸಂಭವ ಹೆಚ್ಚು. ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದು. ಮೊದಲ ಮಗು ಯಾವಾಗ, ಎರಡನೆಯದಕ್ಕೆ ಎಷ್ಟು ಅಂತರ ಎಂಬುದನ್ನು ದಂಪತಿಗಳು ಕೂಡಿ ನಿರ್ಧರಿಸಬೇಕು. ಅದಕ್ಕೆ ಸುರಕ್ಷಿತ ಉಪಾಯಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆಯನ್ನು 9ರಿಂದ 26 ವರ್ಷದವರೆಗೆ ಹಾಕಿಸಿಕೊಳ್ಳಬಹುದು. ನಮ್ಮ ದೇಶದಲ್ಲಿಯೇ ತಯಾರಾದ 'ಸರ್ವಾವ್ಯಾಕ್' ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. 15 ವರ್ಷ ದಾಟಿದವರಿಗೆ ಮೂರು ಡೋಸು ಬೇಕು. ಪದವಿ ವಿದ್ಯಾರ್ಥಿನಿಯರಿಗೆ ಸಮಯ ಇನ್ನೂ ಮೀರಿಲ್ಲ.

ಮಗಳ ಅರಿವು, ತಾಯಿಯ ರಕ್ಷಣೆ

ಈ ಶಿಕ್ಷಣ ವಿದ್ಯಾರ್ಥಿನಿಯೊಬ್ಬಳಲ್ಲೇ ನಿಲ್ಲುವುದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರ ಗರ್ಭಚೀಲಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು 2015ರ ಸುಮಾರಿಗೆ ರಾಜ್ಯವನ್ನೇ ಕಲಕಿತು. 2019ರಲ್ಲಿ ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಬಗ್ಗೆ ಅಂಥದೇ ಸುದ್ದಿ ಬಂದಿತು. ಬಿಳಿಸ್ರಾವ, ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಲಾಯಿತೆಂಬುದು ಆರೋಪ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶನ ನೀಡಿತು. ಗರ್ಭಚೀಲದ ಜೊತೆಗೆ ಅಂಡಾಶಯಗಳನ್ನೂ ಸಣ್ಣ ವಯಸ್ಸಿನಲ್ಲಿ ತೆಗೆದರೆ ಎಲುಬು ಸವೆಯುತ್ತದೆ, ಹೃದಯಕ್ಕೂ ಅಪಾಯ.

ಅಂಥ ಹೊತ್ತಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತ ಓದಿದ ಮಗಳು 'ಡಾಕ್ಟರೇ, ಔಷಧದಿಂದ ಗುಣವಾಗದೆ? ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆದು ಬರುತ್ತೇವೆ' ಎಂದು ಹೇಳಬಲ್ಲಳಾದರೆ ಆ ಮನೆಯ ಭವಿಷ್ಯವೇ ಬೇರೆಯಾಗುತ್ತದೆ. 30 ವರ್ಷ ದಾಟಿದ ತಾಯಂದಿರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಕೋಶದ ಕೊರಳಿನ ತಪಾಸಣೆ ನಡೆಯುತ್ತದೆ ಎಂಬುದನ್ನು ಅವ್ವನಿಗೆ ತಿಳಿಸಿ ಕರೆದೊಯ್ಯಬೇಕಾದವಳೂ ಅವಳೇ.

ಕಾಲೇಜು, ಮನೆ, ಮಠ

ಕಾಲೇಜುಗಳು ಮೇ 28ರ ಋತುಚಕ್ರ ಶುಚಿತ್ವ ದಿನದಂದು ಭಾಷಣ ಮಾಡಿಸಿ ಸುಮ್ಮನಾದರೆ ಸಾಲದು. ಪ್ರತಿ ವರ್ಷ ಪ್ರಥಮ ವರ್ಷದ ವಿದ್ಯಾರ್ಥಿನಿಯರಿಗೆ ಸ್ತ್ರೀರೋಗ ತಜ್ಞರಿಂದ ಕನ್ನಡದಲ್ಲಿ ಪಾಠ, ಚೀಟಿಯಲ್ಲಿ ಹೆಸರಿಲ್ಲದೆ ಬರೆದುಕೊಟ್ಟ ಪ್ರಶ್ನೆಗಳಿಗೆ ಉತ್ತರ, ಹಿಮೋಗ್ಲೋಬಿನ್ ಪರೀಕ್ಷೆ, ಸ್ವಚ್ಛ ಶೌಚಾಲಯ: ಇಷ್ಟಾದರೂ ಇರಬೇಕು. ವೈದ್ಯಕೀಯ ಮಹಾವಿದ್ಯಾಲಯವೂ ಮಹಿಳಾ ವಿಶ್ವವಿದ್ಯಾಲಯವೂ ಒಂದೇ ಊರಿನಲ್ಲಿರುವ ನಮಗೆ ಇದು ಕಷ್ಟವಾಗಬಾರದು. 2023ರ ಜನವರಿಯಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವು ವಿದ್ಯಾರ್ಥಿನಿಯರಿಗೆ ಪ್ರತಿ ಸೆಮಿಸ್ಟರಿನ ಹಾಜರಾತಿಯಲ್ಲಿ ಶೇ. 2ರ ಹೆಚ್ಚುವರಿ ರಿಯಾಯಿತಿ ಕೊಟ್ಟಿತು. ನಮ್ಮ ರಾಜ್ಯದ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿತು. ಓದುವ ಹೆಣ್ಣುಮಕ್ಕಳ ಬಗ್ಗೆಯೂ ಇಂಥ ವಿಚಾರ ನಡೆಯಲಿ.

ಸಂದೇಹವಿದ್ದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವನ್ನಾಗಲಿ, 104 ಆರೋಗ್ಯ ಸಹಾಯವಾಣಿಯನ್ನಾಗಲಿ ಕೇಳಬಹುದು. ಮುಟ್ಟಿನ ಮುಂಚಿನ ದಿನಗಳಲ್ಲಿ ಮನಸ್ಸು ತೀರ ಕುಗ್ಗುವವರು 14416 ಸಂಖ್ಯೆಯ ಟೆಲಿ-ಮಾನಸ್‌ಗೆ ಕರೆ ಮಾಡಬಹುದು.

ಮನೆಯ ಗಂಡಸರಿಗೆ ನಮ್ಮದೊಂದು ಮಾತು. ಅಂಗಡಿಯಲ್ಲಿ ಪ್ಯಾಡನ್ನು ಕಪ್ಪು ಚೀಲದಲ್ಲಿ ಅಡಗಿಸಿ ಕೊಡುವ ಅಗತ್ಯ ಬೀಳದಂತೆ ತಂದೆಯರು, ಅಣ್ಣಂದಿರು ನಡೆದುಕೊಳ್ಳಬೇಕು. ಕಿರಾಣಿ ಚೀಟಿಯಲ್ಲಿ ಸಕ್ಕರೆ, ಎಣ್ಣೆಯ ಸಾಲಿನಲ್ಲಿಯೇ ಅದೂ ಬರಲಿ. ಹಿರಿಯ ತಾಯಂದಿರಲ್ಲಿಯೂ ಬಿನ್ನಹವಿದೆ: ನಿಮ್ಮ ಕಾಲದಲ್ಲಿ ನಿಮ್ಮನ್ನು ದೂರ ಕೂಡಿಸಿದಾಗ ನಿಮ್ಮ ಮನಸ್ಸಿಗೆ ಆದ ನೋವು ನಿಮಗೆ ನೆನಪಿದೆ. ಆ ನೋವು ಮೊಮ್ಮಗಳವರೆಗೆ ಮುಂದುವರಿಯದಿರಲಿ.

ಇನ್ನು ಮಠಗಳ ಮಾತು. ಮುಟ್ಟಾದ ಹೆಣ್ಣುಮಗಳು ಮಠಕ್ಕೆ ಬರಬಹುದು, ಪ್ರವಚನ ಕೇಳಬಹುದು, ದಾಸೋಹದಲ್ಲಿ ಬಡಿಸಬಹುದು, ತನ್ನ ಇಷ್ಟಲಿಂಗವನ್ನು ಪೂಜಿಸಬಹುದು. ಇದು ಹೊಸ ಸುಧಾರಣೆಯಲ್ಲ. ಶರಣರು ಕೊಟ್ಟುಹೋದದ್ದನ್ನು ಅದರ ಒಡತಿಗೆ ಮರಳಿಸುವುದಷ್ಟೇ ನಮ್ಮ ಕೆಲಸ. ಬರುವ ಸಂಕ್ರಮಣದ ಜಾತ್ರೆಗೆ ನಮ್ಮ ಹೆಣ್ಣುಮಕ್ಕಳು ಗುಳಿಗೆ ನುಂಗದೆ, ತಲೆತಗ್ಗಿಸದೆ ಬರುವಂತಾಗಲಿ.